ಬಕೆಟ್ಟಿನಲ್ಲಿ ಬಿಟ್ಟ ಮರಿಗಳು

ಜುಲೈ 9

ಅಮ್ಮ,

ಮೊದಲು ಸಾರಿ. ಬರೆಯಬೇಡ ಅಂತ ನೀನು ಹೇಳಿದ್ದೆ, ಆದರೂ ಬರೆಯುತ್ತಿದ್ದೇನೆ. ಹೋದ ಸಲ ಭೇಟಿಗೆ ಬಂದಾಗ ಜಾಲರಿಯ ಆ ಕಡೆಯಿಂದ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಕಾಲೇಜು ಸೇರ್ತಿದ್ದೀಯಲ್ಲ, ಇನ್ನು ಇಲ್ಲಿಗೆ ಬರಬೇಡ. ಕಾಗದಾನೂ ಹಾಕಬೇಡ. ಜೈಲಿನ ಮೊಹರು ಬಿದ್ದ ಕವರು ನಿನ್ನ ಹಾಸ್ಟೆಲ್ ಮೇಜಿನ ಮೇಲೆ ಬಿದ್ದಿರೋದು ಬೇಡ." ನಾನು ಹೂಂ ಅಂದೆ. ಆ ಹೂಂ ಅನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಭಾಷೆ ಹೀಗೆ ಕಲಸುಮೇಲೋಗರ ಆಗಿರುವುದಕ್ಕೂ ಸಾರಿ. ಇಷ್ಟು ವರ್ಷ ಹಾಸ್ಟೆಲ್ಲಿನಲ್ಲಿ ಇಂಗ್ಲಿಷಿನಲ್ಲಿ ಬೈಸಿಕೊಂಡಿದ್ದೇನೆ, ನಮ್ಮ ಭಾಷೆಯಲ್ಲಿ ಅತ್ತಿದ್ದೇನೆ. ಎರಡೂ ಒಂದೇ ಮಂಚದಲ್ಲಿ ಮಲಗಿ ಒಂದು ಇನ್ನೊಂದರ ಹೊದಿಕೆ ಎಳೆಯುತ್ತೆ.

ಕಾಲೇಜಿನಲ್ಲೂ ಮತ್ತೆ ಹಾಸ್ಟೆಲ್ಲೇ. ಮೂರನೇ ಮಹಡಿ, ಇಬ್ಬರಿಗೆ ಒಂದು ಕಪಾಟು. ಕಿಟಕಿಯಿಂದ ನೀರಿನ ಟ್ಯಾಂಕ್ ಕಾಣುತ್ತೆ, ಅದರ ಹಿಂದೆ ನದಿಯ ಒಂದು ತುಂಡು. ಮೊದಲ ವಾರವೇ ನನಗೊಂದು ಹೆಸರು ಬಿತ್ತು: ನೋಟಿಸ್ ಬೋರ್ಡ್. ಯಾವಾಗ ನೋಡಿದರೂ ಬಾಗಿಲ ಪಕ್ಕ ನಿಂತಿರುತ್ತೇನಂತೆ. "ಒಳಗೆ ಬಾ ಮಾರಾಯ್ತಿ, ನಿನ್ನ ಮೇಲೆ ಟೈಮ್‌ಟೇಬಲ್ ಅಂಟಿಸಿಬಿಡ್ತೀವಿ" ಅಂತ ನಗುತ್ತಾರೆ. ನಾನೂ ನಗುತ್ತೇನೆ.

ಆದರೆ ಅದೇ ಗುಣಕ್ಕೆ ಒಂದು ಕೆಲಸ ಸಿಕ್ಕಿದೆ, ನಂಬುತ್ತೀಯಾ? ನಮ್ಮ ಝೂವಾಲಜಿ ಸರ್ ನದಿಯ ಬಸವನಹುಳುಗಳು ಹೇಗೆ, ಯಾವಾಗ ಮರಿ ಹಾಕುತ್ತವೆ ಅಂತ ಅಭ್ಯಾಸ ಮಾಡುತ್ತಿದ್ದಾರೆ. ಅವರ ಕೈಕೆಳಗೆ ಪಿಎಚ್.ಡಿ. ಮಾಡುವ ಒಬ್ಬ ಅಕ್ಕನಿಗೆ ಸಹಾಯಕ್ಕೆ ಯಾರಾದರೂ ಬೇಕಿತ್ತು. ಮೊದಲ ವರ್ಷದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದು ಗಾಜಿನ ತೊಟ್ಟಿ ತೋರಿಸಿ, "ಇದನ್ನ ನೋಡ್ತಿರಿ" ಅಂತ ಹೇಳಿ ಸರ್ ಹೊರಟುಹೋದರು. ವಾಪಸ್ ಬಂದಾಗ ನೋಡುತ್ತಿದ್ದವಳು ನಾನೊಬ್ಬಳೇ. "ಇವಳೇ ಸಾಕು, ಇವಳಿಗೆ ಕಾಯೋಕೆ ಬರುತ್ತೆ" ಅಂದರು.

ಈ ಬಸವನಹುಳು ಮೊಟ್ಟೆ ಇಡಲ್ಲ ಅಮ್ಮ. ಹೆಣ್ಣು ಮರಿಗಳನ್ನು ಹೊಟ್ಟೆಯೊಳಗೇ ಒಂದು ಚೀಲದಲ್ಲಿ ಇಟ್ಟುಕೊಂಡು ಬೆಳೆಸುತ್ತೆ. ದೊಡ್ಡವು ಬಾಗಿಲ ಹತ್ತಿರ, ಚಿಕ್ಕವು ಹಿಂದೆ, ಕ್ಯೂನಲ್ಲಿ ನಿಂತ ಹಾಗೆ. ಚಿಪ್ಪು ಗಟ್ಟಿಯಾಗಿ, ಚಿಪ್ಪಿನ ಬಾಯಿ ಮುಚ್ಚಿಕೊಳ್ಳೋಕೆ ತನ್ನದೇ ಮುಚ್ಚಳ ಬಂದಮೇಲೆ ಒಂದೊಂದೇ ಹೊರಗೆ ಬರುತ್ತವೆ. ಗಂಡು ಯಾವುದು ಅಂತ ಬಲಗಡೆ ಕೊಂಬು ನೋಡಿ ಹೇಳಬೇಕು, ಅದು ಮೊಂಡಾಗಿ ಸೊಟ್ಟಗಿರುತ್ತೆ. ನಾನು ಈಗ ನೋಡಿದ ಕೂಡಲೇ ಹೇಳಬಲ್ಲೆ.

ಇದನ್ನೆಲ್ಲ ಹೇಳಲು ಬರೆದದ್ದಲ್ಲ. ನಿಮ್ಮ ಸೂಪರಿಂಟೆಂಡೆಂಟ್ ಆಫೀಸಿನಿಂದ ನನಗೆ ಫೋನ್ ಬಂದಿತ್ತು. ಈ ಸಲ ಬಿಡುಗಡೆಗೆ ಕೇಳಬಹುದಾದವರಲ್ಲಿ ನಿನ್ನ ಹೆಸರೂ ಇದೆಯಂತೆ. ನನಗೆ ಹದಿನೆಂಟು ತುಂಬಿರುವುದರಿಂದ ನಿನ್ನನ್ನು ಕರೆದುಕೊಳ್ಳುವ ಜವಾಬ್ದಾರಿ ನಾನೇ ಹೊರಬಹುದಂತೆ. ಆದರೆ ಅರ್ಜಿ ಕೊಡಬೇಕಾದವಳು ನೀನು. ಎರಡು ಸಲ ಕೇಳಿದರೂ ಬೇಡ ಅಂದೆಯಂತೆ.

ಯಾಕಮ್ಮ?

ನಿನ್ನ
ಗುಂಡಿ


ಆಗಸ್ಟ್ 2

ಗುಂಡಿ,

ನಮ್ಮ ಕಾಗದಗಳನ್ನು ನಡುವೆ ಕೂತು ಓದುವ ಜೈಲಿನ ಮೇಡಂ ಅವರಿಗೂ ನಮಸ್ಕಾರ. ನಮ್ಮ ಹುಡುಗಿ ಹುಳದ ಕೊಂಬಿನ ವಿಷಯ ಬರೆದದ್ದಕ್ಕೆ ಅವರು ನನ್ನನ್ನು ಕರೆದು, "ಇದೇನು ಕೋಡ್ ಭಾಷೇನಾ?" ಅಂತ ಕೇಳಿದರು. ಅಲ್ಲ ಮೇಡಂ, ಅವಳ ಓದು ಅಂದೆ. ಇದನ್ನೂ ಓದು ಅಂತಾರಾ ಅಂದರು. ನನಗೂ ಅದೇ ಅನುಮಾನ. ಗಂಡು ಯಾವುದು ಹೆಣ್ಣು ಯಾವುದು ಅಂತ ತಿಳಿಯೋಕೆ ಕಾಲೇಜಿಗೆ ಹೋಗಬೇಕಾ ಮಗಳೇ?

ಬರೀಬೇಡ ಅಂದಿದ್ದು ಬರೀಬೇಡ ಅಂತಲೇ. ಬರೆದೆ. ಆಯ್ತು. ಹೊದಿಕೆ ದಪ್ಪದ್ದು ಇದೆಯಾ? ಹೊಟ್ಟೆತುಂಬ ತಿಂತೀಯಾ? ನೀರಿಗಿಳಿಯುವಾಗ ಒಬ್ಬಳೇ ಇಳಿಯಬೇಡ.

ನಾನು ಆರಾಮ. ಈಗ ಇಲ್ಲಿಯ ಹೊಲಿಗೆ ಶೆಡ್ಡಿನಲ್ಲಿ ನನ್ನನ್ನು ಗುಂಡಿಗೆ ಕಾಜಾ ಹೊಲಿಯೋದರಿಂದ ಎತ್ತಿ ಕಟಿಂಗ್ ಮೇಜಿಗೆ ಹಾಕಿದ್ದಾರೆ. ಯಾವುದೋ ಶಾಲೆಯ ಯೂನಿಫಾರ್ಮ್, ನೀಲಿ. ಮೇಜಿನ ಕೆಳಗೆ ಗುಂಡಿ ಡಬ್ಬಿ ಇಟ್ಟುಕೊಂಡು ಕೂತಿರುತ್ತಿದ್ದೆಯಲ್ಲ ನೀನು, ಅದೇ ಮೇಜು. ಹಳಬರು ಈಗಲೂ ಕೇಳ್ತಾರೆ, ಗುಂಡಿ ಎಷ್ಟು ಉದ್ದ ಆದಳು ಅಂತ.

ಅರ್ಜಿ ವಿಷಯ ಬಿಡು. ನಾನು ಇಲ್ಲಿಗೆ ಹೊಂದಿಕೊಂಡಿದ್ದೇನೆ. ನೀನು ನಿನ್ನ ಓದು ನೋಡು.

ಅಮ್ಮ


ಆಗಸ್ಟ್ 26

ಅಮ್ಮ,

ಹೊದಿಕೆ ದಪ್ಪದ್ದೇ. ತಿನ್ನುತ್ತೇನೆ. ಒಬ್ಬಳೇ ಇಳಿಯಲ್ಲ. ನೀನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಾಯ್ತು. ನಾನು ಕೇಳಿದ್ದು ಒಂದೇ, ಅದಕ್ಕೆ "ಬಿಡು" ಅನ್ನೋದು ಉತ್ತರ ಅಲ್ಲ.

ಈ ತಿಂಗಳ ಕಲೆಕ್ಷನ್‌ಗೆ ನನ್ನನ್ನೂ ಕರೆದುಕೊಂಡು ಹೋದರು. ಹಳೇ ಸೇತುವೆಯ ಕೆಳಗೆ ನದಿ ತಿರುಗುವ ಕಡೆ ನೀರು ಮೊಣಕಾಲು ದಾಟಲ್ಲ, ಕೆಸರು ಮೆತ್ತಗಿರುತ್ತೆ. ಕೆಸರಿಗೆ ಕೈ ಹಾಕಿದರೆ ಮೊದಲು ಕಲ್ಲು ಅನ್ನಿಸುತ್ತೆ. ಆಮೇಲೆ ಆ ಕಲ್ಲು ತನ್ನ ಬಾಗಿಲು ಹಾಕಿಕೊಳ್ಳೋದು ಬೆರಳಿಗೆ ಗೊತ್ತಾಗುತ್ತೆ. ಮೊದಲ ಸಲ ಕಿರುಚಿಬಿಟ್ಟೆ. ಅಕ್ಕ, "ಅದೂ ಒಳಗೆ ಹಾಗೇ ಕಿರುಚ್ತಾ ಇರುತ್ತೆ ಕಣೇ, ನಮಗೆ ಕೇಳಿಸಲ್ಲ ಅಷ್ಟೇ" ಅಂದಳು.

ಕೆಲಸ ಹೀಗೆ. ತಿಂಗಳಿಗೊಮ್ಮೆ ಅದೇ ಜಾಗದಿಂದ ಹೆಣ್ಣುಗಳನ್ನು ಹೆಕ್ಕಿ ನದಿ ನೀರಿನ ಬಕೆಟ್ಟಿಗೆ ಹಾಕಿ ವ್ಯಾನಿನಲ್ಲಿ ಲ್ಯಾಬಿಗೆ ತರುತ್ತೇವೆ. ಮರುದಿನ ಬೆಳಿಗ್ಗೆ ಬಕೆಟ್ಟಿನ ತಳದಲ್ಲಿ ಎಷ್ಟು ಮರಿಗಳಿವೆ ಅಂತ ಎಣಿಸುತ್ತೇವೆ. ಯಾವ ತಿಂಗಳು ಹೆಚ್ಚೋ ಅದು ಅವುಗಳ ಹೆರಿಗೆಯ ಕಾಲ ಅಂತ ಲೆಕ್ಕ. ಹೋದ ವರ್ಷ ಬೇಸಿಗೆಯಲ್ಲೊಮ್ಮೆ ಏರಿಕೆ, ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ. ಆ ಎರಡನೇ ಏರಿಕೆ ಬೇರೆ ಯಾರಿಗೂ ಸಿಕ್ಕಿಲ್ಲವಂತೆ. ಈ ವರ್ಷವೂ ಬಂದರೆ ಅಕ್ಕನ ಥೀಸಿಸ್ ಗಟ್ಟಿ. ಅವಳು ಕ್ಯಾಲೆಂಡರಿನಲ್ಲಿ ಸೆಪ್ಟೆಂಬರಿಗೆ ಕೆಂಪು ಸುತ್ತು ಹಾಕಿಕೊಂಡಿದ್ದಾಳೆ.

ಇನ್ನೊಂದು ವಿಷಯ. ಫೋನಿನಲ್ಲಿ ನಿಮ್ಮ ಆಫೀಸಿನವರು ಮಾತಿಗೆ ಮಾತು ಬಂದು ಹೇಳಿದರು, ಮಕ್ಕಳನ್ನು ಆರು ವರ್ಷ ತುಂಬುವ ತನಕ ತಾಯಿ ಹತ್ತಿರ ಒಳಗೇ ಇಟ್ಟುಕೊಳ್ಳಬಹುದು ಅಂತ. ಶಾಲೆಯ ಹಾಸ್ಟೆಲ್ಲಿಗೆ ಬಂದಾಗ ನನಗೆ ಐದು. ಅಲ್ಲಿನ ಎಲ್ಲರಿಗಿಂತ ಚಿಕ್ಕವಳು ನಾನು, ಶೂ ಸೈಜೇ ಇರಲಿಲ್ಲ.

ಅವರು ತಪ್ಪು ಹೇಳಿರಬಹುದು ಅಲ್ವಾ?

ಗುಂಡಿ


ಸೆಪ್ಟೆಂಬರ್ 28

ಅಮ್ಮ,

ನಿನ್ನ ಕಾಗದ ಬರಲಿಲ್ಲ. ಮೇಡಂ ತಡೆದರೋ, ನೀನೇ ಬರೆಯಲಿಲ್ಲವೋ ತಿಳಿಯದು. ಮೇಡಂ, ನೀವು ಇದನ್ನು ಓದುತ್ತಿದ್ದರೆ, ದಯವಿಟ್ಟು.

ಒಂದು ವಿಷಯ ಯಾರಿಗೂ ಹೇಳಲಾಗುತ್ತಿಲ್ಲ, ನಿನಗೆ ಹೇಳುತ್ತೇನೆ. ನಿನಗೆ ಹೇಳಿದರೆ ಎಲ್ಲಿಗೂ ಹೋಗಲ್ಲ. (ಇದು ಜೋಕ್. ಮೇಡಂ, ಇದು ಜೋಕ್.)

ಈ ತಿಂಗಳ ಕಲೆಕ್ಷನ್ ಮುಗಿಸಿ ವ್ಯಾನ್ ಲ್ಯಾಬಿನ ಮುಂದೆ ನಿಂತಿತು. ಅಕ್ಕನಿಗೆ ಆಫೀಸಿನಲ್ಲಿ ಏನೋ ಕೆಲಸ. "ನೀನು ಬಕೆಟ್ ಒಳಗಿಡು, ನಾನು ಬಂದೆ" ಅಂದಳು. ನಾನು ಬಕೆಟ್ ಹಿಡಿದು ಲ್ಯಾಬಿನ ಬಾಗಿಲಿಗೆ ಹೋದೆ. ಬಾಗಿಲು ಹಾಕಿತ್ತು. ನಿಂತೆ. ಯಾರಾದರೂ ಬಂದು ತೆಗೆಯುತ್ತಾರೆ ಅಂತ. ಕೈ ಸೋತಿತು, ಬಕೆಟ್ ಕೆಳಗಿಟ್ಟೆ. ಆ ಸಿಮೆಂಟು ಕಟ್ಟೆ ಮಧ್ಯಾಹ್ನದ ಬಿಸಿಲಿಗೆ ಹೇಗೆ ಕಾದಿರುತ್ತೆ ಅಂತ ನನ್ನ ಚಪ್ಪಲಿಗೇ ಗೊತ್ತು. ತುಂಬ ಹೊತ್ತಿನ ಮೇಲೆ ಅಕ್ಕ ಬಂದಳು. "ಏ ನೋಟಿಸ್ ಬೋರ್ಡ್! ಇನ್ನೂ ಇಲ್ಲೇ ಇದ್ದೀಯಾ?" ಅಂದು ಬಾಗಿಲನ್ನು ಮೊಣಕೈಯಿಂದ ತಳ್ಳಿದಳು. ತೆರೆದುಕೊಂಡಿತು. ಬೀಗ ಹಾಕಿರಲೇ ಇಲ್ಲ.

ಮರುದಿನ ಬಕೆಟ್ಟಿನ ತಳ ಕಾಣದಷ್ಟು ಮರಿಗಳು. ಅಕ್ಕ ಕುಣಿದಾಡಿದಳು. ಸರ್ ಖುರ್ಚಿಯಿಂದ ಎದ್ದೇ ಬಂದು, "ಎರಡು ವರ್ಷವೂ ಅದೇ ತಿಂಗಳು!" ಅಂದರು. ಲ್ಯಾಬಿನವರಿಗೆಲ್ಲ ಕಾಫಿ ತರಿಸಿದರು, ನನಗೂ ಒಂದು ಲೋಟ.

ನಾನು ಆ ಮರಿಗಳನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿದೆ. ನದಿಯಲ್ಲಿ ತಾವಾಗೇ ಹುಟ್ಟಿದ ಮರಿಗೆ ಗಟ್ಟಿ ಚಿಪ್ಪಿರುತ್ತೆ, ಉಗುರಿನಿಂದ ಒತ್ತಿದರೆ ತಡೆಯುತ್ತೆ. ಇವು ಮೆತ್ತಗೆ. ತುಂಬ ಮರಿಗಳು ಇನ್ನೂ ತೆಳು ಪೊರೆಯೊಳಗೇ ಇದ್ದವು. ಮುಚ್ಚಳ ಬಂದಿರಲಿಲ್ಲ. ಕೆಲವು ಪೊರೆಯೊಳಗೇ ಒಮ್ಮೆ ತಿರುಗಿ, ಆಮೇಲೆ ತಿರುಗಲಿಲ್ಲ.

ಇದು ಹೆರಿಗೆ ಅಲ್ಲ ಅಮ್ಮ. ನೀರು ಬಿಸಿಯಾಗಿ, ಉಸಿರು ಕಟ್ಟಿ, ತಾಯಿಹುಳುಗಳು ಇದ್ದಬದ್ದ ಮರಿಗಳನ್ನೆಲ್ಲ ಹೊರಗೆ ಹಾಕಿಬಿಟ್ಟಿವೆ. ಹೋದ ವರ್ಷ ಇದೇ ತಿಂಗಳು ವ್ಯಾನ್ ದಾರಿಯಲ್ಲಿ ಕೆಟ್ಟು ನಿಂತಿತ್ತು ಅಂತ ಡ್ರೈವರ್ ಹೇಳಿದ. ಈ ವರ್ಷ ನಾನು ಕೆಟ್ಟು ನಿಂತೆ.

ಹೇಳಿದರೆ ಅಕ್ಕನ ಎರಡು ವರ್ಷ ನೀರುಪಾಲು. ಹೇಳದಿದ್ದರೆ ಅದು ಅಚ್ಚಾಗುತ್ತೆ. ನಾನು ಮಧ್ಯದಲ್ಲಿ ಸಿಕ್ಕಿಬಿದ್ದಿದ್ದೇನೆ. ಲ್ಯಾಬಿಗೆ ಹೋಗೋಕೆ ಮನಸ್ಸಿಲ್ಲ. ಹೋಗದಿದ್ದರೆ ಅನುಮಾನ ಬರುತ್ತೆ ಅಂತ ಹೋಗುತ್ತೇನೆ.

ಏನು ಮಾಡಲಿ?

ಗುಂಡಿ


ಅಕ್ಟೋಬರ್ 19

ಗುಂಡಿ,

ಹೇಳಿಬಿಡು. ಬಟ್ಟೆಗೆ ಕತ್ತರಿ ಹಾಕುವಾಗ ಒಂದು ಬೆರಳಷ್ಟು ತಪ್ಪಿದ್ದು ಕಾಲರ್ ಕೂರಿಸುವಾಗ ಗೊತ್ತಾದರೆ ಆಗಲೇ ಬಿಚ್ಚಬೇಕು. ಗುಂಡಿ ಹಾಕಿ ಇಸ್ತ್ರಿ ಮಾಡಿದ ಮೇಲೆ ಬಿಚ್ಚಿದರೆ ಬಟ್ಟೆಯೇ ಹರಿಯುತ್ತೆ. ನಾನು ಹೋದ ವಾರ ಅಂಥದ್ದು ಒಂದು ರಾಶಿ ಬಿಚ್ಚಿದೆ, ಎಲ್ಲರ ಕೈಲೂ ಬೈಸಿಕೊಂಡೆ. ಬೈಗುಳ ಮೈಗೆ ಅಂಟಲ್ಲ. ನಿನ್ನ ಅಕ್ಕ ಅಳ್ತಾಳೆ, ಅಳಲಿ. ಅಳು ನಿಂತ ಮೇಲೆ ನಿನ್ನನ್ನೇ ಹುಡುಕಿಕೊಂಡು ಬರ್ತಾಳೆ.

ಬಾಗಿಲಿಗೆ ಬೀಗ ಇರಲೇ ಇಲ್ಲ ಅಂತ ಬರೆದಿದ್ದೀಯ. ಚಿಲಕವೂ ಇರಲಿಲ್ಲವಾ? ಕೈ ಕೊಟ್ಟು ನೋಡಿದೆಯಾ, ಇಲ್ಲ ಸುಮ್ಮನೆ ನಿಂತೆಯಾ? ಕೈ ಎಲ್ಲಿತ್ತು, ಬೆನ್ನ ಹಿಂದೆಯಾ?

[ಇಲ್ಲಿ ಮೂರು ಸಾಲುಗಳಿಗೆ ಮಸಿ ಬಳಿಯಲಾಗಿದೆ.]

ಇಲ್ಲಿ ನಮ್ಮ ಬ್ಲಾಕಿಗೆ ಹೊಸ ಬಾಗಿಲುಗಳು ಬಂದಿವೆ. ಕಬ್ಬಿಣ ಅಲ್ಲ, ಅದೇನೋ ತಾನಾಗೇ ಹಾಕಿಕೊಳ್ಳುತ್ತೆ. ಬೀಗದ ಸದ್ದಿಲ್ಲ. ಸದ್ದಿಲ್ಲದೆ ಯಾರಿಗೂ ನಿದ್ದೆ ಬರ್ತಿಲ್ಲ, ನಗು ಬರುತ್ತಲ್ವಾ?

ಆರು ವರ್ಷದ ವಿಷಯ ನೀನು ಕೇಳಿದ್ದೆ. ಆಫೀಸಿನವರು ಹೇಳಿದ್ದು ಸರಿ.

ಅಮ್ಮ


ನವೆಂಬರ್ 17

ಅಮ್ಮ,

ಹೇಳಿದೆ.

ಅಕ್ಕ ಮೊದಲು ನಕ್ಕಳು. "ಮೊದಲ ವರ್ಷದ ಪಿಳ್ಳೆ ನೀನು, ನನಗೆ ಪಾಠ ಹೇಳ್ತೀಯಾ?" ಅಂದಳು. ಪೊರೆಯೊಳಗಿದ್ದ ಮರಿಗಳನ್ನು ತೋರಿಸಿದೆ. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ತುಂಬ ಹೊತ್ತು ಕೂತಳು. ಆಮೇಲೆ ಕ್ಯಾಲೆಂಡರಿನ ಹತ್ತಿರ ಹೋಗಿ ಆ ಕೆಂಪು ಸುತ್ತನ್ನು ಬೆರಳಿನಿಂದ ಉಜ್ಜಿದಳು, ಅಳಿಸುತ್ತೆ ಅನ್ನೋ ಹಾಗೆ. ವಾರವಿಡೀ ನನ್ನ ಜೊತೆ ಮಾತಿಲ್ಲ. ನೀನು ಬರೆದಂತೆಯೇ, ಎಂಟನೇ ದಿನ ಹಾಸ್ಟೆಲ್ ಗೇಟಿಗೆ ಬಂದು, "ಏನೇ ನೋಟಿಸ್ ಬೋರ್ಡ್, ಬಲೆ ಹೊಲಿಯೋಕೆ ಬರುತ್ತಾ?" ಅಂದಳು. ಬರುತ್ತೆ ಅಂದೆ. ಯಾರ ಮಗಳು ನಾನು.

ಈಗ ಬಕೆಟ್ ಇಲ್ಲ. ಮರದ ಚೌಕಟ್ಟಿಗೆ ಬಲೆ ಬಿಗಿದು ಪಂಜರಗಳನ್ನು ಮಾಡಿ ಸೇತುವೆಯ ಕೆಳಗೆ ಕೆಸರಿನಲ್ಲಿ ಹೂತಿದ್ದೇವೆ. ತಾಯಿಹುಳುಗಳು ತಮ್ಮ ನೀರಿನಲ್ಲೇ ಇರುತ್ತವೆ. ಅವು ಯಾವಾಗ ಹೆರುತ್ತವೋ ಆಗ ನಾವು ಎಣಿಸಬೇಕು. ಸರ್ ಮೊದಲು ಗರಂ ಆದರು, ಆಮೇಲೆ ಪಂಜರದ ಐಡಿಯಾ ತಮ್ಮದೇ ಅನ್ನೋ ಹಾಗೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ. ತಿರುಗಲಿ ಬಿಡು.

ಇನ್ನೊಂದು ಹುಚ್ಚು ಕೆಲಸ ಮಾಡಿದೆ. ಒಂದು ಹೆಣ್ಣನ್ನು ನನ್ನ ಕಿಟಕಿಯ ಕಟ್ಟೆಯ ಮೇಲೆ ಒಣ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ನೀರಿಲ್ಲದಿದ್ದರೆ ಅದು ಮುಚ್ಚಳ ಬಿಗಿದುಕೊಂಡು ವಾರಗಟ್ಟಲೆ ಹಾಗೇ ಇರುತ್ತೆ. ಬದುಕಿದೆಯೋ ಇಲ್ಲವೋ ತಿಳಿಯದೆ ನನಗೆ ತಡೆಯಲಾಗಲಿಲ್ಲ. ಚಿಮಟ ತಂದು ಮುಚ್ಚಳ ಮೀಟಿದೆ. ಮುಚ್ಚಳ ಹರಿದು ಕೈಗೆ ಬಂತು. ಒಳಗೆ ಅದು ಬದುಕಿತ್ತು. ಆಮೇಲೆ ಬದುಕಲಿಲ್ಲ. ಅಕ್ಕನಿಗೆ ತೋರಿಸಿದಾಗ, "ನೀರಿಗೆ ಹಾಕಿ ಪಕ್ಕಕ್ಕೆ ಹೋಗಬೇಕಿತ್ತು, ತಾನಾಗೇ ತೆಗೀತಿತ್ತು. ಬಾಗಿಲು ಒಡೆದು ಒಳಗೆ ಬಂದವರನ್ನ ನೆಂಟರು ಅಂತಾರೇನೇ?" ಅಂದಳು.

ನಾನು ಈಗ ನಿನ್ನ ಮುಚ್ಚಳ ಮೀಟುತ್ತಿದ್ದೇನೆ ಅಂತ ಗೊತ್ತು. ಆದರೂ ಕೇಳುತ್ತೇನೆ. ನೀನು ಒಳಗೆ ಹೋದ ಕಾರಣವನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಕೋರ್ಟು ಹೇಳಿದ್ದು ಒಂದು, ನೆಂಟರು ಹೇಳಿದ್ದು ಇನ್ನೊಂದು. ಅದನ್ನು ಈಗಲೂ ಕೇಳಲ್ಲ. ಇದೊಂದನ್ನು ಹೇಳು. ಇನ್ನೊಂದು ವರ್ಷ ಇತ್ತು. ಯಾರೂ ನನ್ನನ್ನು ಕಳಿಸು ಅಂದಿರಲಿಲ್ಲ. ಹಾಸ್ಟೆಲ್ಲಿನ ಮೊದಲ ದಿನ ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಹೋಗಿ ಕೂತಿದ್ದೆ, ಅದು ನಿನ್ನ ಮೇಜು ಅಂದುಕೊಂಡು. ನನ್ನ ಚಿಪ್ಪು ಗಟ್ಟಿಯಾಗಿರಲಿಲ್ಲ ಅಮ್ಮ.

ಆಗ ಕಳಿಸಿದೆ, ಈಗ ಬರಲ್ಲ ಅಂತೀಯ. ನಿನಗೆ ನಾನು ಬೇಡವಾದರೆ ಅದನ್ನೇ ನೇರವಾಗಿ ಬರಿ. ಕಾಯೋದು ಬಿಡುತ್ತೇನೆ.

ಮಗಳು


ಜನವರಿ 6

ಗುಂಡಿ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಮೇಡಂ, ಇದರಲ್ಲಿ ಅಳಿಸುವಂಥದ್ದೇನಾದರೂ ಇದ್ದರೆ ಕಾಗದವನ್ನೇ ಇಟ್ಟುಕೊಳ್ಳಿ, ಅರ್ಧ ಮಾತ್ರ ಕಳಿಸಬೇಡಿ.

ನಿನಗೆ ಐದು ನಡೀತಿತ್ತು. ಮಾತು ಪಟಪಟ, ನಡಿಗೆ ಚುರುಕು. ಇಡೀ ಬ್ಲಾಕಿಗೆ ನೀನೊಬ್ಬಳೇ ಮಗು, ಎಲ್ಲರ ಕಂಕುಳಲ್ಲೂ ಇರ್ತಿದ್ದೆ. ಒಂದು ದಿನ ಆಸ್ಪತ್ರೆ ಕಡೆಯಿಂದ ಒಬ್ಬ ನರ್ಸಮ್ಮ ಬಂದು, "ಈ ಮಗೂನ ಸ್ವಲ್ಪ ಹೊರಗಿನ ಗಾಳಿಗೆ ಕರೆದುಕೊಂಡು ಹೋಗ್ತೀನಿ" ಅಂದಳು. ಸಂಜೆ ಕರೆತಂದಳು. ಆಫೀಸಿನ ಮುಂದೆ ನಿನ್ನನ್ನು ಇಳಿಸಿ, "ಹೋಗು, ಅಮ್ಮ ಅಲ್ಲಿದ್ದಾಳೆ" ಅಂದಳು. ನಡುವೆ ಒಂದು ಬಾಗಿಲು. ಮರದ್ದು, ಅರ್ಧ ತೆರೆದೇ ಇತ್ತು. ಆ ಸಂದಿಯಲ್ಲಿ ನಾನು ನಿನಗೆ ಕಾಣ್ತಿದ್ದೆ, ನೀನು ನನಗೆ ಕಾಣ್ತಿದ್ದೆ. ಬಾ ಅಂತ ನಾನು ಕೈ ಚಾಚಿದೆ.

ನೀನು ಬಾಗಿಲ ಮುಂದೆ ಬಂದು ನಿಂತೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿದೆ. ಗೋಡೆಗೆ ಭುಜ ತಾಗಿಸಿ ತಲೆ ತಗ್ಗಿಸಿದೆ. ಇಲ್ಲಿ ದಿನಾ ತಲೆ ಎಣಿಕೆಗೆ ನಾವೆಲ್ಲ ನಿಲ್ಲುತ್ತೀವಲ್ಲ, ಹಾಗೆ. ಅಳಲಿಲ್ಲ. ನಿನಗೆ ಅಳು ಬರುವಂಥದ್ದೇನೂ ಆಗಿರಲಿಲ್ಲ. ಯಾರಾದರೂ ಬಂದು ತೆಗೀತಾರೆ ಅಂತ ಕಾಯ್ತಿದ್ದೆ, ಅಷ್ಟೇ. ನರ್ಸಮ್ಮ, "ತಳ್ಳು ಪುಟ್ಟ, ತಳ್ಳು" ಅಂದಳು. ನೀನು ಅವಳ ಮುಖ ನೋಡಿದೆ. ತಳ್ಳು ಅಂದರೆ ಏನು ಅಂತ ನಿನಗೆ ತಿಳಿದಿರಲಿಲ್ಲ ಕಣೇ. ಬಾಗಿಲು ಅನ್ನೋದು ಬೇರೆಯವರು ತೆಗೆಯೋ ವಸ್ತು ಅಂತ ತಿಳಿದು ಬೆಳೆದಿದ್ದೆ. ನಾನೇ ಬೆಳೆಸಿದ್ದೆ.

ಮಾರನೇ ದಿನವೇ ಆಫೀಸಿಗೆ ಹೋಗಿ, ಇವಳನ್ನು ಯಾವುದಾದರೂ ಶಾಲೆಗೆ ಹಾಕಿಸಿ ಅಂದೆ. ಇನ್ನೂ ಒಂದು ವರ್ಷ ಇದೆಯಲ್ಲಮ್ಮ ಅಂದರು. ಬೇಡ, ಈಗಲೇ ಅಂದೆ. ನಿನ್ನ ಬಕೆಟ್ಟಿನ ಹುಳದ ಹಾಗೆ ನಾನು ಉಸಿರುಕಟ್ಟಿ ಬಿಟ್ಟಿದ್ದಲ್ಲ. ಚಿಪ್ಪು ಮೆತ್ತಗಿದೆ ಅಂತ ಗೊತ್ತಿದ್ದೂ ಬಿಟ್ಟೆ. ಇನ್ನೊಂದು ವರ್ಷ ಒಳಗಿದ್ದಿದ್ದರೆ ಚಿಪ್ಪು ಗಟ್ಟಿಯಾಗ್ತಿತ್ತು, ಆದರೆ ಇಲ್ಲಿಯ ಆಕಾರಕ್ಕೆ ಗಟ್ಟಿಯಾಗ್ತಿತ್ತು. ಅದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ನೀನು ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಕೂತಿದ್ದು ಮಾತ್ರ ನನಗೆ ಗೊತ್ತಿರಲಿಲ್ಲ. ಅದನ್ನು ಓದಿದ ದಿನ ಕತ್ತರಿ ಹಿಡಿಯೋಕಾಗಲಿಲ್ಲ.

ಈಗ ಅರ್ಜಿ. ಹೋದ ವರ್ಷ ಕಣ್ಣು ತೋರಿಸೋಕೆ ನನ್ನನ್ನು ಹೊರಗಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಕಾವಲಿನವಳು ಚೀಟಿ ತರೋಕೆ ಹೋದಳು. ನನಗೆ ಟಾಯ್ಲೆಟ್ಟಿಗೆ ಹೋಗಬೇಕಿತ್ತು. ಬಾಗಿಲ ಮುಂದೆ ನಿಂತೆ. ಹಿಂದೆ ಇದ್ದ ಹೆಂಗಸು, "ತಳ್ಳಿ ಅಮ್ಮ, ಯಾರೂ ಇಲ್ಲ ಒಳಗೆ" ಅಂದಳು. ಕೈ ಏಳಲಿಲ್ಲ. ಇದು ನನ್ನ ಕೈ ಅಂತ ನಾನೇ ಬೈದೆ, ಆದರೂ ಏಳಲಿಲ್ಲ. ಆ ಹೆಂಗಸು ಪಾಪ, ನನಗೆ ಕಣ್ಣು ಕಾಣಲ್ಲ ಅಂದುಕೊಂಡು ಕೈ ಹಿಡಿದು ಒಳಗೆ ಬಿಟ್ಟಳು.

ಆವತ್ತೇ ತೀರ್ಮಾನ ಮಾಡಿದೆ. ನಾನು ಬಂದು ನಿನ್ನ ಜೊತೆ ಒಂದೇ ಮನೆಯಲ್ಲಿದ್ದರೆ ದಿನಾ ನನ್ನನ್ನು ನೋಡಿ ನೋಡಿ ಅದು ನಿನಗೆ ಮತ್ತೆ ಅಂಟುತ್ತೆ. ಒಂದು ಸಲ ಬಿಡಿಸಿದ್ದೀನಲ್ಲ, ಸಾಕು ಅಂತ. ಬರಬೇಡ, ಬರೀಬೇಡ ಅಂದಿದ್ದು ಅದಕ್ಕೇ.

ಆಮೇಲೆ ನಿನ್ನ ಜುಲೈ ಕಾಗದ ಬಂತು. ಬಾಗಿಲ ಪಕ್ಕ ನಿಲ್ತೀನಿ, ನೋಟಿಸ್ ಬೋರ್ಡ್ ಅಂತಾರೆ ಅಂತ ನಗ್ತಾ ಬರೆದಿದ್ದೆ. ಆಮೇಲೆ ಬಕೆಟ್ಟಿನ ಕಾಗದ. ನನಗೆ ನಗು ಬರಲಿಲ್ಲ ಮಗಳೇ. ಬಿಡಿಸಲೇ ಇಲ್ಲ ನಾನು. ಅಷ್ಟು ಬೇಗ ಕಳಿಸಿಯೂ ಬಿಡಿಸಲಿಲ್ಲ. ಹಾಗಾದರೆ ಯಾಕೆ ಕಳಿಸಿದೆ?

ನೀನು ಬೇಡ ಅಂತ ಬರಿ ಅಂದೆಯಲ್ಲ. ಬರೆಯೋಕೆ ಬರಲ್ಲ ನನಗೆ.

ಅಮ್ಮ

[ಕೆಳಗೆ ಬೇರೆ ಕೈಬರಹದಲ್ಲಿ:] ಈ ಪತ್ರದಲ್ಲಿ ಏನನ್ನೂ ಅಳಿಸಿಲ್ಲ. ಅರ್ಜಿ ಕೊಡಲು ತಿಂಗಳ ಕೊನೆಯವರೆಗೂ ಸಮಯವಿದೆ. ಹುಳುಗಳ ಸುದ್ದಿ ಬರೆಯುತ್ತಿರಿ. ಓದುವವಳು.


ಜನವರಿ 13

ಅಮ್ಮ,

ನಿನ್ನ ಕಾಗದವನ್ನು ಸೇತುವೆಯ ಕೆಳಗೆ ನಿಂತು ಓದಿದೆ. ನೀರು ತಣ್ಣಗಿತ್ತು, ಕಾಲು ಮರಗಟ್ಟಿದ್ದು ಆಮೇಲೆ ಗೊತ್ತಾಯಿತು. ಅಕ್ಕ ದಡದಿಂದ, "ಲವ್ ಲೆಟರಾ?" ಅಂತ ಕೂಗಿದಳು. ಹೌದು ಅಂದೆ. ಸಂಜೆ ಅವಳಿಗೆ ಎಲ್ಲ ಹೇಳಿದೆ, ನೀನು ಎಲ್ಲಿದ್ದೀಯ ಅನ್ನೋದನ್ನೂ. ಅವಳು, "ಅದಕ್ಕೇ ನೀನು ಬಲೆ ಅಷ್ಟು ಚೆನ್ನಾಗಿ ಹೊಲೀತೀಯ" ಅಂದಳು. ಅಷ್ಟೇ.

ಯಾಕೆ ಕಳಿಸಿದೆ ಅಂತ ನಿನ್ನನ್ನು ನೀನೇ ಕೇಳಿಕೊಳ್ಳಬೇಡ. ನನಗೆ ಉತ್ತರ ಸಿಕ್ಕಿತು. ಕೋಪ ಪೂರ್ತಿ ಹೋಗಿದೆ ಅಂತ ಸುಳ್ಳು ಹೇಳಲ್ಲ. ಹಿಂದಿನ ಕಾಗದದಲ್ಲಿ ಹೆಚ್ಚು ಕಡಿಮೆ ಬರೆದಿದ್ದರೆ ಹೊಟ್ಟೆಗೆ ಹಾಕಿಕೋ.

ಮೇಡಂ ಕೇಳಿದ್ದಾರೆ, ಹುಳುಗಳ ಸುದ್ದಿ. ಈ ಚಳಿಯಲ್ಲಿ ಪಂಜರದಲ್ಲಿ ಮರಿಗಳು ಇಲ್ಲವೇ ಇಲ್ಲ ಅನ್ನಬೇಕು. ನವೆಂಬರಿನಲ್ಲಿ ಒಂದೊಂದು ಬಂದವು, ಗಟ್ಟಿ ಚಿಪ್ಪು, ಸ್ವಂತ ಮುಚ್ಚಳ. ಆಮೇಲೆ ನಿಂತಿತು. ನೀರು ಬೆಚ್ಚಗಾದ ಮೇಲೆ ಮತ್ತೆ ಶುರುವಾಗುತ್ತೆ ಅಂತ ಅಕ್ಕನ ಅಂದಾಜು. ಅಲ್ಲಿಯ ತನಕ ತಾಯಿಹುಳುಗಳು ಮರಿಗಳನ್ನು ಒಳಗೇ ಇಟ್ಟುಕೊಂಡು ಕೆಸರಿನಲ್ಲಿ ಸುಮ್ಮನಿರುತ್ತವೆ. ಮೇಲಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತೆ. ದಿನಾ ಬೆಳಿಗ್ಗೆ ಹೋಗಿ ನಿಂತು ನೋಡುವವರು ಯಾರಾದರೂ ಬೇಕು. ಉಳಿದವರಿಗೆ ಕಾಲು ನಿಲ್ಲಲ್ಲ. ನಾನು ನಿಲ್ಲುತ್ತೇನೆ. ನೀನು ಅದನ್ನು ರೋಗ ಅಂತೀಯ. ಇರಬಹುದು. ಈ ಕೆಲಸ ಸಿಕ್ಕಿದ್ದು ಆ ರೋಗದಿಂದಲೇ. ಬಕೆಟ್ಟಿನ ಸುಳ್ಳು ಗೊತ್ತಾಗಿದ್ದೂ ಅದರಿಂದಲೇ.

ನಿನಗೆ ಹೇಳದೆ ಒಂದು ಕೆಲಸ ಮಾಡಿದ್ದೇನೆ. ಹಾಸ್ಟೆಲ್ಲಿನಲ್ಲಿ ನಿನ್ನನ್ನು ಇಟ್ಟುಕೊಳ್ಳೋಕಾಗಲ್ಲ ಅಂತ ಅಕ್ಕ ಮತ್ತು ನಾನು ಮನೆ ಹುಡುಕಿದೆವು. ಸೇತುವೆಯ ಈ ಕಡೆ, ಹಳೇ ಪಂಪ್‌ಹೌಸಿನ ಹಿಂದೆ, ಒಂದು ಕೋಣೆ, ಒಂದು ಅಡುಗೆಮನೆ. ಗೋಡೆಯಲ್ಲಿ ತೇವ ಇದೆ. ಕಿಟಕಿಯ ಕೆಳಗೆ ಹೊಲಿಗೆ ಮಷೀನ್ ಇಡುವಷ್ಟು ಜಾಗ ಇದೆ, ಬೆಳಕು ಎಡಗಡೆಯಿಂದ ಬೀಳುತ್ತೆ. ಯಜಮಾನಿ ಕಿವಿ ಕೇಳದ ಅಜ್ಜಿ. ನೀನು ಎಲ್ಲಿಂದ ಬರುತ್ತೀಯ ಅಂತ ಎರಡು ಸಲ ಕೂಗಿ ಹೇಳಿದೆ. "ದೂರದಿಂದ ಬರೋರಿಗೆ ಸುಸ್ತಾಗಿರುತ್ತೆ, ನೀರು ಕಾಯಿಸಿಡು" ಅಂದಳು.

ಒಳಬಾಗಿಲುಗಳನ್ನೆಲ್ಲ ಕಳಚಿಬಿಟ್ಟಿದ್ದೇವೆ ಅಮ್ಮ. ಲ್ಯಾಬಿನ ವ್ಯಾನ್ ಡ್ರೈವರ್ ಬಂದು ಕೀಲು ಬಿಚ್ಚಿಕೊಟ್ಟ. ಬಚ್ಚಲಿಗೆ ಪರದೆ ಹಾಕಿದ್ದೇನೆ, ನೀಲಿ ಬಟ್ಟೆಯದು, ಹೊಲಿಗೆ ಸೊಟ್ಟಗಿದೆ, ನೀನು ಬಂದು ಬಿಚ್ಚಿ ಹೊಲಿ. ಉಳಿದಿರುವುದು ಹೊರಬಾಗಿಲು ಒಂದೇ. ಅದರ ಚಿಲಕ ಒಳಗಡೆ ಇದೆ. ಮಳೆಗೆ ಉಬ್ಬಿದೆ, ಭುಜ ಕೊಟ್ಟು ತಳ್ಳಬೇಕು. ನಾನು ನಿನ್ನೆ ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ, ಕೈ ಬೆನ್ನ ಹಿಂದೆಯೇ ಇತ್ತು, ನೀನು ಹೇಳಿದ ಮೇಲೆ ನೋಡಿಕೊಂಡೆ. ಆಮೇಲೆ ಹಸಿವಾಯಿತು. ತಳ್ಳಿದೆ.

ನಾವಿಬ್ಬರೂ ಅದರ ಮುಂದೆ ನಿಂತರೆ ನಿಲ್ಲೋಣ. ಎಷ್ಟು ಹೊತ್ತಾದರೂ ನಿಲ್ಲೋಣ, ನಿಲ್ಲೋದು ಇಬ್ಬರಿಗೂ ಬರುತ್ತೆ. ಯಾರಿಗಾದರೂ ಒಬ್ಬರಿಗೆ ಮೊದಲು ಹಸಿವಾಗುತ್ತೆ.

ಚಿಮಟ ಹಿಡಿದು ಎಳೆಯಲ್ಲ ನಾನು. ನೀರಿನಲ್ಲಿಟ್ಟು ಪಕ್ಕಕ್ಕೆ ಸರಿದಿದ್ದೇನೆ. ಆದರೆ ತಿಂಗಳ ಕೊನೆ ನಮಗಾಗಿ ಕಾಯಲ್ಲ.

ಅರ್ಜಿ ಕೊಟ್ಟೆಯಾ ಇಲ್ಲವಾ, ಅದೊಂದು ಸಾಲನ್ನು ಬೇಗ ಬರಿ.

ನಿನ್ನ
ಗುಂಡಿ